ಒಂದು ಸಲಕ್ಕ ಒಂದ ತಾಟು

ಅಕಿ ಹೆಸರು ನೋಯಿ.
ನಮ್ಮ ಮಾತಿನ್ಯಾಗ ನೋಯೂದು ಅಂದ್ರ ಬ್ಯಾನಿ ಅಂತ
ಸೊಂಟ ಹಿಡಕೊಂಡು ನರಳಿ ತೋರಿಸಿದೆ.
ನಕ್ಕು, ಬೆರಳ ತುದಿಗೆ ಒಂದು ಅಕ್ಕಿಕಾಳು ಹಚ್ಚಿಕೊಂಡು
ಇದು, ಅಂದ್ಳು. ನೋಯಿ ಅಂದ್ರ ಸಣ್ಣದು.

ಮೋರ್ಜಿಮ್ ದಂಡಿಯ ಶ್ಯಾಕಿನ್ಯಾಗ
ಅಕಿ ಒಲಿ ಮುಂದ, ನಾ ಮೋರಿ ಮುಂದ,
ಬೆನ್ನಿಗೆ ಬೆನ್ನು, ಐದು ತಿಂಗಳು.
ಅಕಿ ಕೈಯಾಡಿಸೂದನ್ನ ನಾ ನೋಡಲಿಲ್ಲ, ಬರೇ ಕೇಳಿದೆ.
ಎಣ್ಣಿ ಚುರ್ ಅನ್ನೂದು,
ಸೌಟು ಕಬ್ಬಣಕ್ಕ ಬಡಿಯೂದು.
ಹದಿನೆಂಟು ಬಡಿತಕ್ಕ ಒಂದು ತಾಟು.
ಆಮ್ಯಾಲೆ ಆ ತಾಟು ನನ್ನ ಕಡೆ ಬರತಿತ್ತು, ಖಾಲಿ.

ಮೇ ಕಡೀಗೆ ಶ್ಯಾಕಿನ ಬೊಂಬು ಬಿಚ್ಚಿದ್ರು.
ಹೊಂಟಾಗ ನನ್ನ ಕೈಗೆ
ಎರಡು ಪಾಕೀಟು ಅಕ್ಕಿ ಶಾವಿಗಿ,
ಅರ್ಧ ಬಾಟಲಿ ಮೀನಿನ ನೀರು,
ಹರಕು ಹಿಂದಿಯಾಗ ಮೂರು ಮಾತು ಕೊಟ್ಳು:
ಕುದಿಸಬ್ಯಾಡ, ನೆನಿಸು.
ಬೆಂಕಿಗೆ ಅಂಜಬ್ಯಾಡ.
ಒಂದು ಸಲಕ್ಕ ಒಂದ ತಾಟು.

ಮಾಪ್ಸಾದ ಖೋಲಿ, ಒಂದ ಬರ್ನರಿನ ಗ್ಯಾಸು.
ತಣ್ಣೀರಾಗ ಶಾವಿಗಿ ಒಂದು ತಾಸು ನೆನದಾವು,
ಬೆರಳಿಗೆ ಸುತ್ತಿದ್ರ ಸುತ್ತತಾವು, ಹರಿಯೂದಿಲ್ಲ.
ಉಳಿದದ್ದು ಹುಡಕೂದೇನಿತ್ತು?
ಹುಣಸಿ ಡಬ್ಬ್ಯಾಗ, ಬೆಲ್ಲ ಡಬ್ಬ್ಯಾಗ.
ಶೇಂಗಾ ಇಲ್ಲದ ದಿನ
ನಮ್ಮ ಮನ್ಯಾಗ ನಾ ಇನ್ನೂ ಕಂಡಿಲ್ಲ.
ಒಣ ಸಿಗಡಿ ಶುಕ್ರವಾರದ ಸಂತ್ಯಾಗ,
ಕೊಂಕಣಿ ಬಾಯಿ ಕೇಳದನ ಒಂದು ಹಿಡಿ ಹೆಚ್ಚ ಹಾಕಿದ್ಲು.
ಹುಣಸಿ ಕಿವುಚಿ, ಬೆಲ್ಲ ಕರಗಿಸಿ,
ಅತ್ತಿಗಂತ ಒಂದು ವಾಟಗಾ ತಗದಿಟ್ಟು
ಉಳದದ್ದಕ್ಕ ಮೀನಿನ ನೀರು ಹನಿಸಿ ನೆಕ್ಕಿದೆ.
ಗೊಜ್ಜು! ನಮ್ಮವ್ವನ ಗೊಜ್ಜು
ಸಮುದ್ರಕ್ಕ ಹೋಗಿ ಮಿಂದು ಬಂದಂಗ.

ಮೊದಲನೇ ತಾಟು ಅತ್ತಿದು.
ಬಾಣಲಿಗೆ ಇನ್ನೂ ಏನೂ ತಾಗಿರದಾಗ
ಬರೇ ಹುಳಿ, ಬೆಲ್ಲ, ಉಪ್ಪು, ಮೊಳಕಿ ಹೆಸರು.
ಎರಡನೇದು ಮೈಲಾರಿದು.
ತತ್ತಿ ಒಂದು, ಶೇಂಗಾಪುಡಿ ಗುಡ್ಡಿ,
ಉಳ್ಳಾಗಡ್ಡಿ ತಪ್ಪಲ ಒಂದೆಳಿ ಕಂಡ್ರ ಎದ್ದ ಹೋಗತಾನ.
ಎಲ್ಲಾ ಕೂಡೆ ಹಾಕಿ ತಿರುವಬಾರದೇನು,
ಇವರು ಹೊಸ್ತಿಲದಾಗ ಕುಂತು ಗೊಣಗಿದ್ರು.
ಕೂಡೆ ಹಾಕಿದ್ರ ಬಾಣಲಿ ಆರತೈತಿ, ಶಾವಿಗಿ ಗಂಜಿ ಆಗತೈತಿ,
ತಡೀರಿ, ಅಂದೆ.
ತಡೀರಿ ಅಂತ ನಾ ಹಿಂದ ಯಾವಾಗ ಅಂದಿದ್ದೆ?
ಮೂರನೇದು ಅವರದು.
ತತ್ತಿ ಎರಡು, ಮೂಗು ಸೋರೂವಷ್ಟು ಖಾರ,
ತಳ ಒಂಚೂರು ಸೀದಿರಬೇಕು.
ಹನ್ನೊಂದು ವರ್ಷದಾಗ ಬಾಯಿಬಿಟ್ಟು ಹೇಳಿದವರಲ್ಲ,
ಬುತ್ತಿ ಡಬ್ಬಿ ತೊಳಿಯೂವಾಗ ನಂಗ ತಿಳದದ್ದು.

ನಾಕನೇದು.
ಬಾಣಲಿ ಕಾಯಿತು, ಎಣ್ಣಿ ಬಿಟ್ಟೆ,
ಕೈ ನಿಂತಿತು.
ಯಾರದು ಅನ್ನೂದು ಗೊತ್ತು. ಹೆಂಗ ಬೇಕೋ ಗೊತ್ತಿಲ್ಲ.
ಬುಟ್ಟಿ ತಳದ ರೊಟ್ಟಿ, ಬೋಗುಣಿ ಬಳದ ಪಲ್ಲೆ,
ಮಂದಿಯ ರುಚಿಯ ಅಂಚು ಉಂಡ ನಾಲಿಗಿ ಇದು.
ಖಾರ ಬೇಕೇನು ನಿಂಗ? ಸಿಹಿ ಬೇಕೇನು?
ಯಾರೂ ಮಾತಾಡಲಿಲ್ಲ.
ಎಣ್ಣಿ ಹೊಗಿ ಆಡಾಕತ್ತಿತು.

ಅಂಜಬ್ಯಾಡ.

ಉಳದ ಸಿಗಡಿ ಅಷ್ಟೂ ಸುರುವಿದೆ.
ಶಾವಿಗಿ, ಗೊಜ್ಜು, ಮ್ಯಾಲೆ ಮತ್ತ ಹುಣಸಿ,
ಸಾಲದಂತ ಲಿಂಬಿಕಾಯಿ ಪೂರ್ತಿ ಒಂದು, ಬೀಜ ಸೈತ.
ಸೌಟು ಕಬ್ಬಣಕ್ಕ ಬಡಿದೆ,
ಬೆನ್ನು ಎಣಿಸಿಟ್ಟ ಲೆಕ್ಕ.
ಹದಿನೆಂಟಕ್ಕ ಇಳಿಸಿದೆ.

ಕುಂಡ್ರಲಿಲ್ಲ.
ಮೋರಿಗೆ ಬೆನ್ನು ಮಾಡಿ ನಿಂತ ತಿಂದೆ,
ನಾಲಿಗಿ ಸುಟ್ಟಿತು, ಕಣ್ಣು ಮುಚ್ಚಿದವು.
ಹುಳಿ.
ನಂಗ ಹುಳಿ ಬೇಕಾಗಿತ್ತು.

ಅತ್ತಿ ಬೆರಳು ನೆಕ್ಕಿ ಮುಗಿಸಿ ಅಂದ್ರು:
ಶಾವಿಗಿ ಚಲೋ ಆಗೇತಿ. ರೊಟ್ಟಿ ಯಾವಾಗ ಬಡೀತಿ?
ಬಾಯಾಗ ತುತ್ತಿತ್ತು.
ನುಂಗಾಕ ಅವಸರ ಮಾಡಲಿಲ್ಲ.